ಹಳೆಯ ಯಂತ್ರಕ್ಕೆ ಹೊಸ ಹೊಳಪು

ಎತ್ತು ಕೊಳ್ಳಲು ಹೊರಟ ರೈತನನ್ನು ಮೋಸಗೊಳಿಸುವುದು ಸುಲಭದ ಮಾತಲ್ಲ. ಆಳಂದ ತಾಲೂಕಿನ ಭೂಸನೂರಿನಂಥ ಊರಿನಲ್ಲಿ ಬೆಳೆದವನು ದನದ ಸಂತೆಯಲ್ಲಿ ಮೊದಲು ಮಾಡುವ ಕೆಲಸವೆಂದರೆ ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡುವುದು. ಎರಡು ಹಲ್ಲಿನದೋ, ನಾಲ್ಕು ಹಲ್ಲಿನದೋ, ಆರು ಹಲ್ಲಿನದೋ, ಇಲ್ಲವೆ ಬಾಯಿಗೂಡಿದ್ದೋ ಎಂಬುದನ್ನು ಅವನು ಕ್ಷಣಾರ್ಧದಲ್ಲಿ ಅರಿಯಬಲ್ಲ. ಆಮೇಲೆ ಸುಳಿ ನೋಡುತ್ತಾನೆ, ಗೊರಸು ತಟ್ಟುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ಕುಂಟುತ್ತದೆಯೇ ಎಂದು ಗಮನಿಸುತ್ತಾನೆ. ಇಷ್ಟಾದ ಮೇಲೆಯೇ ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆಯ ಮಾತು.

ಇಷ್ಟು ಜಾಣನಾದ ಅದೇ ರೈತ ತೊಗರಿಯ ರಾಶಿ ಮುಗಿದು ಕೈಗೆ ನಾಲ್ಕು ಕಾಸು ಬಂದ ಕಾಲಕ್ಕೆ, ಓದುವ ಮಗನಿಗಾಗಿ ಲ್ಯಾಪ್‌ಟಾಪ್ ಒಂದನ್ನು ಕೊಳ್ಳಲು ಪೇಟೆಗೆ ಹೋದನೆಂದುಕೊಳ್ಳಿ. ಹೊಸದರ ಬೆಲೆ ಕೇಳಿ ಎದೆ ಧಸಕ್ಕೆನ್ನುತ್ತದೆ. ಅಂಗಡಿಯವನು ಒಳಗಿನಿಂದ ಇನ್ನೊಂದನ್ನು ತಂದಿಡುತ್ತಾನೆ. ಬೆಲೆ ಅರ್ಧಕ್ಕಿಂತಲೂ ಕಡಿಮೆ. “ಕಂಪನಿ ಮಾಲ್ ಅದರೀ ಕಾಕಾ, ಹೊಸದರಂಗ ಮಾಡ್ಯಾರ. ಚಿಂತಿ ಮಾಡಬ್ಯಾಡ್ರಿ, ತಗೊಂಡು ಹೋಗ್ರಿ” ಎನ್ನುತ್ತಾನೆ. ಮುಚ್ಚಳ ಮಿರಿಮಿರಿ ಮಿಂಚುತ್ತಿದೆ, ಗುಂಡಿ ಒತ್ತಿದರೆ ಬೆಳಕು ಬರುತ್ತದೆ. ಎತ್ತಿನ ಹಲ್ಲು ಎಣಿಸಿದ ಕೈ ಇಪ್ಪತ್ತು ಸಾವಿರ ರೂಪಾಯಿಗಳನ್ನು ಎಣಿಸಿ ಕೊಟ್ಟು, ಒಂದು ಚೀಟಿಯನ್ನೂ ಕೇಳದೆ, ಪೆಟ್ಟಿಗೆಯನ್ನು ಹೆಗಲಿಗೇರಿಸಿ ಊರಿನ ಬಸ್ಸು ಹತ್ತುತ್ತದೆ. ತಿಂಗಳೊಳಗೆ ಮಗ ಹೇಳುತ್ತಾನೆ: “ಅಪ್ಪಾ, ವಯರ್ ತೆಗದ್ರ ಹತ್ತು ಮಿನಿಟಿನ್ಯಾಗ ಆರಿ ಹೋಗ್ತದ.”

ಇಂಥ ಪ್ರಸಂಗ ಒಂದು ಊರಿಗೆ ಸೀಮಿತವಾದುದಲ್ಲ. 2020ರ ಮಾರ್ಚಿನಲ್ಲಿ ಶಾಲೆ ಕಾಲೇಜುಗಳ ಬಾಗಿಲು ಮುಚ್ಚಿ ಪಾಠವೆಲ್ಲ ಪರದೆಯ ಮೇಲೆ ಬಂದಂದಿನಿಂದ ಈ ಯಂತ್ರ ವಿದ್ಯಾರ್ಥಿಯ ಪಾಟಿ ಪುಸ್ತಕಗಳ ಸಾಲಿಗೆ ಸೇರಿತು. ಆಳಂದ ತಾಲೂಕಿನ ಕಡಗಂಚಿಯಲ್ಲಿ 2009ರಲ್ಲಿ ಸ್ಥಾಪನೆಯಾದ ಕೇಂದ್ರೀಯ ವಿಶ್ವವಿದ್ಯಾಲಯವೇ ಇದೆ; ಸುತ್ತಲಿನ ಹಳ್ಳಿಗಳ ಮಕ್ಕಳು ದೊಡ್ಡ ಓದಿನ ಕನಸು ಕಾಣುತ್ತಿದ್ದಾರೆ. ಅಂಥ ಮನೆಯಲ್ಲಿ ಕೆಟ್ಟ ಯಂತ್ರವೆಂದರೆ ಕೇವಲ ಕೆಟ್ಟ ಯಂತ್ರವಲ್ಲ; ಒಂದು ವರ್ಷದ ಬೆವರೂ ಒಂದು ವರ್ಷದ ಓದೂ ಅದರಲ್ಲಿ ಅಡಗಿರುತ್ತವೆ.

ಹಾಗಾದರೆ ಹಳೆಯದನ್ನು ಕೊಳ್ಳಲೇಬಾರದೆ? ಹಾಗೇನೂ ಇಲ್ಲ. ಬಲ್ಲವನ ಕೈಗೆ ಹಳೆಯ ಎತ್ತೂ ಉಳುಮೆ ಮಾಡಿಕೊಡುತ್ತದೆ. ಬೇಕಾದುದು ಹಲ್ಲು ನೋಡುವ ವಿದ್ಯೆ. ಅದರ ಜೊತೆಗೆ ಮಾರುವವನ ಮಾತನ್ನು ಕಾಗದಕ್ಕಿಳಿಸುವ ಜಾಣತನ.

ಇವು ಬರುವುದೆಲ್ಲಿಂದ?

ಬೆಂಗಳೂರು, ಹೈದರಾಬಾದುಗಳ ದೊಡ್ಡ ಕಂಪನಿಗಳು ತಮ್ಮ ನೌಕರರಿಗೆ ಸಾವಿರಗಟ್ಟಲೆ ಲ್ಯಾಪ್‌ಟಾಪುಗಳನ್ನು ಕೊಡುತ್ತವೆ. ಅನೇಕ ಕಂಪನಿಗಳು ಇವನ್ನು ಗೇಣಿಗೆ ಪಡೆದಿರುತ್ತವೆ. ಮೂರು ನಾಲ್ಕು ವರ್ಷಗಳಾದ ಮೇಲೆ ಇವು ಒಟ್ಟೊಟ್ಟಾಗಿ ಹರಾಜಿಗೆ ಬೀಳುತ್ತವೆ. ವ್ಯಾಪಾರಿಗಳು ಕೊಂಡು, ಧೂಳು ಕೊಡವಿ, ಸವೆದ ಭಾಗಗಳನ್ನು ಬದಲಿಸಿ, ಹೊರಮೈಗೆ ಹೊಸ ಹಾಳೆ ಅಂಟಿಸಿ ಮಾರುತ್ತಾರೆ. ಬೆಂಗಳೂರಿನ ಸದರ್ ಪತ್ರಪ್ಪ ರಸ್ತೆ, ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರ್, ದಿಲ್ಲಿಯ ನೆಹರೂ ಪ್ಲೇಸ್ ಕಂಪ್ಯೂಟರ್ ವ್ಯಾಪಾರಕ್ಕೆ ಹೆಸರಾದ ಪೇಟೆಗಳು. ಹೀಗೆ ಸಜ್ಜುಗೊಂಡ ಯಂತ್ರಕ್ಕೆ ‘ರಿಫರ್ಬಿಶ್ಡ್’ ಎಂದು ಹೆಸರು.

ಇಲ್ಲಿ ಒಂದು ಸೂಕ್ಷ್ಮವುಂಟು. ಒಬ್ಬ ವ್ಯಾಪಾರಿ ಒಳಗಿನ ಫ್ಯಾನು, ಬ್ಯಾಟರಿ, ಡಿಸ್ಕುಗಳನ್ನೆಲ್ಲ ಪರೀಕ್ಷಿಸಿ ಬದಲಿಸಿರುತ್ತಾನೆ. ಇನ್ನೊಬ್ಬ ಬಟ್ಟೆಯಿಂದ ಒರೆಸಿ ಬಿಟ್ಟಿರುತ್ತಾನೆ. ಇಬ್ಬರ ಅಂಗಡಿಯಲ್ಲೂ ಹೆಸರು ಒಂದೇ. ‘ಎ ಗ್ರೇಡ್’, ‘ಬಿ ಗ್ರೇಡ್’ ಎಂಬ ಮಾತುಗಳೂ ಹೆಚ್ಚಾಗಿ ಹೊರಮೈಯ ಗೀರುಗಳನ್ನು ಕುರಿತವೇ ಹೊರತು ಒಳಗಿನ ಆರೋಗ್ಯವನ್ನು ಕುರಿತವಲ್ಲ.

ಸರಕಾರ ಇದನ್ನು ಗಮನಿಸದೆ ಇಲ್ಲ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳ ಪ್ರಕಾರ, ಹಳೆಯ ಉಪಕರಣಗಳನ್ನು ಸಜ್ಜುಗೊಳಿಸಿ ಮಾರುವ ಉದ್ಯಮಗಳು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಜಾಲದಲ್ಲಿ ನೋಂದಾಯಿಸಿಕೊಳ್ಳಬೇಕು. “ನೋಂದಣಿ ಇದೆಯೇ?” ಎಂದು ಕೇಳುವ ಗ್ರಾಹಕನಿಗೆ ದೊರೆಯುವ ಉತ್ತರವೇ ಅರ್ಧ ಕಥೆ ಹೇಳುತ್ತದೆ.

ಹಲ್ಲು ಎಣಿಸುವ ಬಗೆ

ಲ್ಯಾಪ್‌ಟಾಪಿಗೂ ಹಲ್ಲುಗಳಿವೆ. ಅವನ್ನು ಎಣಿಸಲು ಎಂಜಿನಿಯರನೇ ಆಗಬೇಕಾದುದಿಲ್ಲ.

ಮೊದಲನೆಯದು ಬ್ಯಾಟರಿ. ಇದರೊಳಗಿನ ಲಿಥಿಯಂ ಕೋಶಗಳು ತುಂಬಿ ಬರಿದಾದಷ್ಟೂ ಸವೆಯುತ್ತವೆ. 300ರಿಂದ 500 ಬಾರಿ ಪೂರ್ತಿ ತುಂಬಿ ಬರಿದಾಗುವ ಹೊತ್ತಿಗೆ ಸಾಮಾನ್ಯವಾಗಿ ಶಕ್ತಿಯ ಐದರಲ್ಲೊಂದು ಪಾಲು ಇಳಿದಿರುತ್ತದೆ. ಇದನ್ನು ಯಂತ್ರವೇ ಬಾಯಿಬಿಟ್ಟು ಹೇಳುತ್ತದೆ. ವಿಂಡೋಸ್ ಇರುವ ಯಂತ್ರದ ಕಮ್ಯಾಂಡ್ ಪ್ರಾಂಪ್ಟ್‌ನಲ್ಲಿ ‘ಪವರ್‌ಸಿಎಫ್‌ಜಿ’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು, ಒಂದು ಜಾಗ ಬಿಟ್ಟು, ಓರೆಗೆರೆ ಹಾಕಿ ‘ಬ್ಯಾಟರಿರಿಪೋರ್ಟ್’ ಎಂದು ಕೂಡಿಸಿದರೆ ಒಂದು ವರದಿ ಸಿದ್ಧವಾಗುತ್ತದೆ. ಬ್ಯಾಟರಿ ಹುಟ್ಟಿದಾಗ ಎಷ್ಟು ಹಿಡಿಯುತ್ತಿತ್ತು, ಈಗ ಎಷ್ಟು ಹಿಡಿಯುತ್ತದೆ ಎಂಬ ಎರಡೂ ಅಂಕಿಗಳು ಅದರಲ್ಲಿರುತ್ತವೆ. 50,000 ಹಿಡಿಯುತ್ತಿದ್ದುದು 31,000ಕ್ಕೆ ಇಳಿದಿದ್ದರೆ ನೂರಕ್ಕೆ ಅರವತ್ತೆರಡು ಪಾಲು ಮಾತ್ರ ಉಳಿದಿದೆ ಎಂದರ್ಥ. ಬ್ಯಾಟರಿ ಉಬ್ಬಿ ಕೀಲಿಮಣೆಯನ್ನೋ ತಳವನ್ನೋ ಎತ್ತಿದ್ದರೆ ಮಾತ್ರ ಚೌಕಾಸಿ ಬೇಡ. ಅದಕ್ಕೆ ಬೆಂಕಿ ಹತ್ತುವ ಅಪಾಯವುಂಟು. ಒತ್ತದೆ, ಚುಚ್ಚದೆ, ಚಾರ್ಜಿಗೆ ಹಾಕದೆ ಬದಿಗಿಡಬೇಕು.

ಎರಡನೆಯದು ಡಿಸ್ಕು. ಬರೆದಿಟ್ಟುದೆಲ್ಲ ಇರುವುದು ಇದರಲ್ಲಿ. ತಿರುಗುವ ಹಳೆಯ ಬಗೆಯ ಹಾರ್ಡ್ ಡಿಸ್ಕು ಕಟಕಟ ಸದ್ದು ಮಾಡಿದರೆ ಅದರ ಆಯುಸ್ಸು ಮುಗಿಯುತ್ತ ಬಂದಿದೆ ಎಂದೇ ತಿಳಿಯಬೇಕು. ಡಿಸ್ಕು ತಾನು ದುಡಿದ ತಾಸುಗಳ ಲೆಕ್ಕವನ್ನೂ ಇಟ್ಟಿರುತ್ತದೆ. ‘ಕ್ರಿಸ್ಟಲ್‌ಡಿಸ್ಕ್‌ಇನ್ಫೋ’ ಎಂಬ ಉಚಿತ ತಂತ್ರಾಂಶ ಅದನ್ನು ತೋರಿಸಿಕೊಡುತ್ತದೆ. ದಿನಕ್ಕೆ ಎಂಟು ತಾಸಿನಂತೆ, ವರ್ಷಕ್ಕೆ ಮುನ್ನೂರು ದಿನ, ಮೂರು ವರ್ಷ ದುಡಿದ ಯಂತ್ರದ ಲೆಕ್ಕ ಸುಮಾರು 7,200 ತಾಸು ಬರಬೇಕು. “ಆರೇ ತಿಂಗಳು ಬಳಸಿದ್ದು” ಎಂದು ಅಂಗಡಿಯವನು ಹೇಳುತ್ತಿರುವಾಗ ಡಿಸ್ಕು ಇಪ್ಪತ್ತು ಸಾವಿರ ತಾಸು ಎಂದರೆ ಯಾರ ಮಾತನ್ನು ನಂಬಬೇಕೆಂಬುದನ್ನು ವಾಚಕರೇ ನಿರ್ಧರಿಸಬಹುದು.

ಮೂರನೆಯದು ಕಾವು. ಬಹುತೇಕ ಲ್ಯಾಪ್‌ಟಾಪುಗಳನ್ನು ಸುತ್ತಲಿನ ಉಷ್ಣತೆ 35 ಡಿಗ್ರಿಯವರೆಗೆ ಇರುವಲ್ಲಿ ಬಳಸಲೆಂದು ತಯಾರಕರು ರೂಪಿಸಿರುತ್ತಾರೆ. ನಮ್ಮ ಕಲಬುರಗಿಯ ಸೀಮೆಯಲ್ಲಾದರೋ ಏಪ್ರಿಲ್, ಮೇ ತಿಂಗಳುಗಳಲ್ಲಿ ಬಿಸಿಲು 40 ಡಿಗ್ರಿ ದಾಟುವುದು ಮಾಮೂಲು. ಹಳೆಯ ಯಂತ್ರದ ಫ್ಯಾನಿನಲ್ಲಿ ಧೂಳು ಹೆಪ್ಪುಗಟ್ಟಿ, ಪ್ರಾಸೆಸರಿಗೆ ಬಳಿದ ಲೇಪ ಒಣಗಿದ್ದರೆ ಅದು ಮೊದಲು ನಿಧಾನವಾಗುತ್ತದೆ, ಆಮೇಲೆ ತಾನಾಗಿ ಆರಿಹೋಗುತ್ತದೆ. ತಣ್ಣಗಿನ ಅಂಗಡಿಯಲ್ಲಿ ಐದು ನಿಮಿಷ ನೋಡಿದವನಿಗೆ ಈ ದೋಷ ಕಾಣುವುದಿಲ್ಲ. ಅರ್ಧ ತಾಸು ಚಲನಚಿತ್ರವೊಂದನ್ನು ಓಡಿಸಿ ನೋಡಿದವನಿಗೆ ಕಂಡೀತು.

ಉಳಿದವು ಸಣ್ಣವಾದರೂ ಬಿಡುವಂಥವಲ್ಲ. ಕೀಲಿಮಣೆಯ ಪ್ರತಿಯೊಂದು ಅಕ್ಷರವನ್ನೂ ಒತ್ತಿ ನೋಡಬೇಕು. ಮುಚ್ಚಳದ ತಿರುಗಣಿಯನ್ನು ಹತ್ತು ಸಲ ತೆರೆದು ಮುಚ್ಚಬೇಕು. ಪರದೆಯ ಮೇಲೆ ಬರಿಯ ಬಿಳಿಯ ಬಣ್ಣ ತುಂಬಿಸಿ ಕಲೆಗಳನ್ನು ಹುಡುಕಬೇಕು. ಕ್ಯಾಮರಾ, ಧ್ವನಿ, ವೈಫೈ, ಪ್ರತಿಯೊಂದು ತೂತು ಕೆಲಸ ಮಾಡುತ್ತಿದೆಯೇ ಎಂದು ಪರೀಕ್ಷಿಸಬೇಕು. ಚಾರ್ಜರಿನ ಮೇಲೆ ಭಾರತೀಯ ಮಾನಕ ಸಂಸ್ಥೆಯ ಗುರುತೂ ‘ಆರ್’ ಅಕ್ಷರದಿಂದ ಮೊದಲಾಗುವ ನೋಂದಣಿ ಸಂಖ್ಯೆಯೂ ಇರಬೇಕು. ‘ಬಿಐಎಸ್ ಕೇರ್’ ಎಂಬ ಆ್ಯಪಿನಲ್ಲಿ ಆ ಸಂಖ್ಯೆಯ ಸಾಚಾತನವನ್ನು ನೋಡಬಹುದು. ಯಂತ್ರದ ತಳದಲ್ಲಿರುವ ಕ್ರಮಸಂಖ್ಯೆಯನ್ನು ತಯಾರಕರ ಜಾಲತಾಣದಲ್ಲಿ ಕೊಟ್ಟರೆ ವಾರಂಟಿ ಎಂದಿಗೆ ಮುಗಿಯಿತೆಂಬುದು ತಿಳಿಯುತ್ತದೆ. ಅದರಿಂದ ಯಂತ್ರದ ವಯಸ್ಸನ್ನು ಊಹಿಸಬಹುದು.

ಕಣ್ಣಿಗೆ ಕಾಣದ ಬೀಗ

ಕೆಲವು ದೋಷಗಳು ಲೋಹದಲ್ಲಿಲ್ಲ, ಹಕ್ಕಿನಲ್ಲಿವೆ. ಕಂಪನಿಗಳು ತಮ್ಮ ಯಂತ್ರಗಳಿಗೆ ದೂರದಿಂದಲೇ ಬೀಗ ಹಾಕುವ ಏರ್ಪಾಡು ಮಾಡಿರುತ್ತವೆ. ಮಾರುವ ಮುನ್ನ ಅದನ್ನು ತೆಗೆಯದೆ ಬಿಟ್ಟಿದ್ದರೆ ಯಂತ್ರ ಮೊದಮೊದಲು ಚೆನ್ನಾಗಿಯೇ ನಡೆಯುತ್ತದೆ. ಎಂದಾದರೂ ವಿಂಡೋಸನ್ನು ಹೊಸದಾಗಿ ಹಾಕಿ ಇಂಟರ್‌ನೆಟ್ಟಿಗೆ ಸೇರಿಸಿದೊಡನೆ ಪರದೆಯ ಮೇಲೆ ಯಾವುದೋ ಕಂಪನಿಯ ಹೆಸರು ಮೂಡಿ, ಆ ಕಂಪನಿಯ ನೌಕರನ ಗುಪ್ತಪದವನ್ನು ಕೇಳುತ್ತದೆ! ಆಪಲ್ ಯಂತ್ರಗಳಲ್ಲೂ ಹಳೆಯ ಮಾಲೀಕ ತನ್ನ ಖಾತೆಯಿಂದ ಬಿಡುಗಡೆ ಮಾಡದಿದ್ದರೆ ಇದೇ ಗತಿ. ಈ ಬೀಗವನ್ನು ತೆಗೆಯುವುದು ಮಾರಿದವನ ಹೊಣೆ. ಆದುದರಿಂದ ಅಂಗಡಿಯಲ್ಲಿಯೇ, ನಿಮ್ಮ ಕಣ್ಣೆದುರಿಗೇ, ಯಂತ್ರವನ್ನು ಮೊದಲ ಸ್ಥಿತಿಗೆ ತಂದು ಇಂಟರ್‌ನೆಟ್ಟಿಗೆ ಸೇರಿಸಿ ತೋರಿಸೆಂದು ಕೇಳುವುದು ಕ್ಷೇಮ.

ಮತ್ತೊಂದು ಸಂಗತಿ ಬೆಲೆಗೆ ಸಂಬಂಧಿಸಿದ್ದು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕಂಪನಿ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಬೇಕೆಂದರೆ ಇಂಟೆಲ್ ಪ್ರಾಸೆಸರುಗಳಲ್ಲಿ ಸಾಮಾನ್ಯವಾಗಿ ಎಂಟನೆಯ ಪೀಳಿಗೆ ಇಲ್ಲವೆ ಅದಕ್ಕೂ ಈಚಿನದು ಇರಬೇಕು. ಆರನೆಯ, ಏಳನೆಯ ಪೀಳಿಗೆಯ ಯಂತ್ರಗಳು ಅಗ್ಗವಾಗಿ ದೊರೆಯುವುದಕ್ಕೆ ಇದೂ ಒಂದು ಕಾರಣ. ಅಂಥವು ನಿರುಪಯೋಗಿಗಳೇನಲ್ಲ; ಉಚಿತವಾಗಿ ದೊರೆಯುವ ಲಿನಕ್ಸ್ ಹಾಕಿದರೆ ಓದು ಬರಹಕ್ಕೆ ಇನ್ನೂ ಕೆಲ ವರ್ಷ ಸಾಕಾಗುತ್ತವೆ. ಆದರೆ ತಿಳಿದು ಕೊಳ್ಳುವುದು ಬೇರೆ, ತಿಳಿಯದೆ ಕೊಳ್ಳುವುದು ಬೇರೆ.

ಕೆಟ್ಟಿತು, ಮುಂದೇನು?

ಎಷ್ಟು ನೋಡಿ ಕೊಂಡರೂ ಯಂತ್ರ ಕೈಕೊಡುವುದುಂಟು. ಆಗ ಮೊದಲ ಕೆಲಸ, ಊರಿನಲ್ಲಿ ಯಾರೋ ಬಲ್ಲವರ ಕೈಗೆ ಕೊಟ್ಟು ಬಿಚ್ಚಿಸದಿರುವುದು. ತಿರುಪು ಸಡಿಲಿಸಿದ ಗುರುತು ಕಂಡರೆ ಸಾಕು, “ನೀವೇ ಕೆಡಿಸಿದ್ದೀರಿ” ಎಂಬ ಮಾತು ಸಿದ್ಧವಾಗಿರುತ್ತದೆ. ದೋಷ ಕಾಣಿಸಿಕೊಂಡ ದಿನವನ್ನು ಬರೆದಿಡಿ. ಅದು ಕಾಣಿಸುವಾಗಲೇ ಮೊಬೈಲಿನಲ್ಲಿ ಚಿತ್ರ ತೆಗೆಯಿರಿ. ನಿಮ್ಮ ಬರಹಗಳನ್ನು ಬೇರೊಂದು ಕಡೆಗೆ ನಕಲು ಮಾಡಿಕೊಂಡು, ಹಿಂದಿರುಗಿಸುವ ಮೊದಲು ನಿಮ್ಮ ಖಾತೆಗಳನ್ನೂ ಗುಪ್ತಪದಗಳನ್ನೂ ಯಂತ್ರದಿಂದ ತೆಗೆಯಿರಿ.

ಆಮೇಲೆ ಮಾರಿದವನಿಗೆ ತಿಳಿಸಿ. ಬಾಯಿಮಾತಿನಲ್ಲಿ ಅಲ್ಲ, ಬರಹದಲ್ಲಿ. ವಾಟ್ಸಾಪ್ ಸಂದೇಶವಾದರೂ ಸರಿಯೇ, ದಿನಾಂಕ ಇರುತ್ತದೆ. “ಇಂಥ ದಿನ ಕೊಂಡೆ, ಇಷ್ಟು ಕೊಟ್ಟೆ, ನೀವು ಹೀಗೆ ಹೇಳಿದಿರಿ, ಈಗ ಹೀಗಾಗಿದೆ, ದುರಸ್ತಿ, ಬದಲಿ, ಇಲ್ಲವೆ ಹಣ, ಇವುಗಳಲ್ಲಿ ಇಂಥದು ಬೇಕು” ಎಂದು ನಾಲ್ಕು ಸಾಲು ಬರೆದರೆ ಸಾಕು. ದುರಸ್ತಿಗೆಂದು ಕೊಟ್ಟಾಗ ಯಂತ್ರದ ಕ್ರಮಸಂಖ್ಯೆ ಬರೆದ ರಸೀದಿ ಪಡೆಯಬೇಕು. “ನಾಳಿ ಬರ್ರಿ” ಎಂಬ ಉತ್ತರದಲ್ಲಿಯೇ ವಾರಂಟಿಯ ತಿಂಗಳುಗಳು ಕಳೆದುಹೋಗುವುದನ್ನು ಈ ಕಾಗದಗಳು ತಡೆಯುತ್ತವೆ.

ಎಲ್ಲ ದೋಷಕ್ಕೂ ಜಗಳ ಬೇಡವೆಂಬುದೂ ನೆನಪಿರಲಿ. ಫ್ಯಾನಿನ ಧೂಳು ತೆಗೆಸುವುದು, ಸವೆದ ಬ್ಯಾಟರಿಯನ್ನು ಬದಲಿಸುವುದು ಸಣ್ಣ ಖರ್ಚಿನ ಕೆಲಸಗಳು. ಅಂಗಡಿಯವನು ಅರ್ಧ ಭರಿಸಲು ಒಪ್ಪಿದರೆ ರಾಜಿಯೇ ಲೇಸು. ಮದರ್‌ಬೋರ್ಡ್ ಕೆಟ್ಟಿದ್ದರೆ, ಕಂಪನಿಯ ಬೀಗ ಬಿದ್ದಿದ್ದರೆ, ಹೇಳಿದ್ದೊಂದು ಒಳಗಿದ್ದುದೊಂದು ಆಗಿದ್ದರೆ ಮಾತ್ರ ಬಿಡಬಾರದು.

ಕಾಯಿದೆ ಏನೆನ್ನುತ್ತದೆ?

“ಹಳೆಯ ಮಾಲಿಗೆ ಯಾವ ಕಾಯಿದೆ?” ಎಂದು ನಗುವವರುಂಟು. ಅವರಿಗೆ 2020ರ ಜುಲೈಯಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯನ್ನು ತೋರಿಸಬಹುದು. ‘ದೋಷ’ ಎಂದರೆ ಏನೆಂದು ಆ ಕಾಯಿದೆ ವಿವರಿಸುತ್ತದೆ: ಕಾನೂನು ವಿಧಿಸಿದ, ಒಪ್ಪಂದದಲ್ಲಿರುವ, ಇಲ್ಲವೆ ವ್ಯಾಪಾರಿ ಯಾವುದೇ ರೀತಿಯಲ್ಲಿ ಹೇಳಿಕೊಂಡ ಗುಣಮಟ್ಟದಲ್ಲಿ ಕೊರತೆ ಇದ್ದರೆ ಅದು ದೋಷ. ಇಡೀ ವಿಷಯದ ಕೀಲಿ ಇರುವುದು ಇಲ್ಲಿಯೇ. ಹಳೆಯ ಯಂತ್ರ ಹೊಸದರಂತೆ ಇಲ್ಲವೆಂಬುದು ದೋಷವಾಗದು. ಮಾರಿದವನು ಕೊಟ್ಟ ಮಾತಿಗೂ ಕೈಗೆ ಬಂದ ವಸ್ತುವಿಗೂ ಇರುವ ಅಂತರವೇ ದೋಷ. ಮಾತು ಕಾಗದದ ಮೇಲಿದ್ದರೆ ಅಂತರವನ್ನು ಅಳೆಯಬಹುದು. ಗಾಳಿಯಲ್ಲಿ ಹೋಗಿದ್ದರೆ ಅಳೆಯುವುದು ಹೇಗೆ?

ಅದೇ ಕಾಯಿದೆ ‘ಅನುಚಿತ ವ್ಯಾಪಾರ ಪದ್ಧತಿ’ ಎಂದು ಕೆಲವನ್ನು ಪಟ್ಟಿಮಾಡಿದೆ. ಹಳೆಯದನ್ನು, ಸಜ್ಜುಗೊಳಿಸಿದುದನ್ನು ಹೊಸದೆಂದು ಸುಳ್ಳು ಹೇಳಿ ಮಾರುವುದು ಅವುಗಳಲ್ಲೊಂದು. ಬಿಲ್ಲು ಕೊಡದಿರುವುದು ಇನ್ನೊಂದು. ದೋಷವುಳ್ಳ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿಯನ್ನೇ ಹೇಳಿರದಿದ್ದರೆ ಮೂವತ್ತು ದಿನಗಳೊಳಗೆ, ಹಿಂದಕ್ಕೆ ಪಡೆದು ಹಣ ಕೊಡಲು ನಿರಾಕರಿಸುವುದು ಮತ್ತೊಂದು. “ಬಿಲ್ಲು ಬೇಕೆಂದರೆ ನೂರಕ್ಕೆ ಹದಿನೆಂಟು ರೂಪಾಯಿ ತೆರಿಗೆ ಹೆಚ್ಚು” ಎಂದು ಹೆದರಿಸುವುದುಂಟು. ಹಳೆಯ ವಸ್ತುಗಳ ವ್ಯಾಪಾರಿಗೆ ಕೊಂಡ ಬೆಲೆ, ಮಾರಿದ ಬೆಲೆಗಳ ನಡುವಣ ಅಂತರದ ಮೇಲೆ ಮಾತ್ರ ತೆರಿಗೆ ಕಟ್ಟುವ ಅನುಕೂಲವನ್ನು 2017ರ ಜಿಎಸ್‌ಟಿ ನಿಯಮಗಳು ಷರತ್ತುಗಳೊಡನೆ ಕೊಟ್ಟಿವೆ ಎಂಬುದನ್ನು ಅಂಥವರಿಗೆ ನೆನಪಿಸಬಹುದು.

ಆನ್‌ಲೈನಿನಲ್ಲಿ ಕೊಂಡವರಿಗೂ ರಕ್ಷಣೆಯಿದೆ. 2020ರ ಇ-ವಾಣಿಜ್ಯ ನಿಯಮಗಳ ಪ್ರಕಾರ ಮಾರಾಟದ ಸಂಸ್ಥೆಯ ಕುಂದುಕೊರತೆ ಅಧಿಕಾರಿ 48 ತಾಸುಗಳಲ್ಲಿ ದೂರಿಗೆ ಸ್ವೀಕೃತಿ ಕೊಟ್ಟು, ಒಂದು ತಿಂಗಳೊಳಗೆ ಪರಿಹರಿಸಬೇಕು. ಪೆಟ್ಟಿಗೆ ಒಡೆಯುವಾಗಲೇ ಚಿತ್ರೀಕರಿಸಿಕೊಂಡಿದ್ದರೆ ವಾದಕ್ಕೆ ಬಲ ಬರುತ್ತದೆ.

ಇಷ್ಟಕ್ಕೂ ಮಣಿಯದವರಿಗೆ ಮೊದಲ ಮೆಟ್ಟಿಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಸಂಖ್ಯೆ 1915. ಕನ್ನಡದಲ್ಲಿಯೂ ಮಾತನಾಡಬಹುದು. ಅದು ತೀರ್ಪು ಕೊಡುವುದಿಲ್ಲ. ದೂರನ್ನು ಮಾರಾಟಗಾರನಿಗೆ ಮುಟ್ಟಿಸಿ ರಾಜಿಗೆ ಯತ್ನಿಸುತ್ತದೆ. ಎರಡನೆಯ ಮೆಟ್ಟಿಲು ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗ. ಹಿಂದಿನ ಕಾಯಿದೆಯಲ್ಲಿ ಮಾರಿದವನಿರುವ ಊರಿಗೆ, ಇಲ್ಲವೆ ವ್ಯವಹಾರ ನಡೆದ ಊರಿಗೆ ಅಲೆಯಬೇಕಾಗಿತ್ತು. ಈಗ ಗ್ರಾಹಕ ವಾಸವಾಗಿರುವ ಜಿಲ್ಲೆಯಲ್ಲಿಯೇ ದೂರು ಸಲ್ಲಿಸಬಹುದು. ಅಂದರೆ ಭೂಸನೂರಿನವನು ಬೆಂಗಳೂರಿನಲ್ಲಿ ಕೊಂಡಿದ್ದರೂ, ಹೈದರಾಬಾದಿನಲ್ಲಿ ಕೊಂಡಿದ್ದರೂ ಕಲಬುರಗಿಯ ಆಯೋಗವೇ ಅವನಿಗೆ ಸಾಕು. ಕೊಟ್ಟ ಹಣ ಐದು ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ವಕೀಲರು ಇರಲೇಬೇಕೆಂಬ ಕಟ್ಟುಪಾಡಿಲ್ಲ. 2025ರ ಜನವರಿಯಲ್ಲಿ ಮೊದಲಾದ ‘ಇ-ಜಾಗೃತಿ’ ಜಾಲದ ಮೂಲಕ ಮನೆಯಲ್ಲಿ ಕುಳಿತೇ ಸಲ್ಲಿಸುವ ಅನುಕೂಲವೂ ಉಂಟು. ದೂರಿಗೆ ಕಾರಣ ಹುಟ್ಟಿದ ಎರಡು ವರ್ಷಗಳೊಳಗೆ ಸಲ್ಲಿಸಿರಬೇಕು.

ದುರಸ್ತಿ, ಬದಲಿ, ಹಣ ಹಿಂದಿರುಗಿಸುವಿಕೆ, ಪರಿಹಾರ ಇವುಗಳಲ್ಲಿ ಯುಕ್ತವಾದುದನ್ನು ವಿಧಿಸುವ ಅಧಿಕಾರ ಆಯೋಗಕ್ಕಿದೆ. ಮೂರು ತಿಂಗಳುಗಳಲ್ಲಿ, ವಸ್ತುವನ್ನು ಪ್ರಯೋಗಾಲಯಕ್ಕೆ ಕಳಿಸಬೇಕಾದರೆ ಐದು ತಿಂಗಳುಗಳಲ್ಲಿ, ತೀರ್ಮಾನಿಸಲು ಯತ್ನಿಸಬೇಕೆಂದು ಕಾಯಿದೆ ಹೇಳುತ್ತದೆ. ಕೆಲವೊಮ್ಮೆ ಹೆಚ್ಚು ಕಾಲ ಹಿಡಿಯುವುದೂ ಉಂಟು. ಆದುದರಿಂದಲೇ ಮೊದಲ ವಾರದ ಎಚ್ಚರ ಕೊನೆಯ ವರ್ಷದ ವ್ಯಾಜ್ಯಕ್ಕಿಂತ ಮೇಲು.

ನಾಲ್ಕು ಸಾಲಿನ ಬರಹ

ಹಾಗಾದರೆ ಕೊಳ್ಳುವಾಗ ಬಿಲ್ಲಿನ ಮೇಲೆ ಏನು ಬರೆಯಿಸಬೇಕು? ಯಂತ್ರದ ಮಾದರಿ ಮತ್ತು ಕ್ರಮಸಂಖ್ಯೆ. ಪ್ರಾಸೆಸರಿನ ಪೀಳಿಗೆ, ಮೆಮೊರಿ ಹಾಗೂ ಡಿಸ್ಕಿನ ಅಳತೆ. ಬ್ಯಾಟರಿಯ ಉಳಿದ ಶಕ್ತಿ ನೂರಕ್ಕೆ ಎಷ್ಟು ಎಂಬುದು. ವಾರಂಟಿ ಎಷ್ಟು ತಿಂಗಳು, ಯಾವ ಯಾವ ಭಾಗಗಳಿಗೆ ಎಂಬುದು. ಇದರ ಜೊತೆಗೆ ‘ಸಜ್ಜುಗೊಳಿಸಿದ ಹಳೆಯ ಯಂತ್ರ, ಯಾವ ಬೀಗವೂ ಇಲ್ಲ’ ಎಂಬ ಒಂದು ಮಾತು. ಪ್ರಾಮಾಣಿಕನಾದ ವ್ಯಾಪಾರಿ ಇದಕ್ಕೆ ಹಿಂಜರಿಯುವುದಿಲ್ಲ. ಅವನಿಗೂ ಇದರಿಂದ ಕ್ಷೇಮವೇ. ಹೇಳದ ಮಾತಿಗೆ ಅವನು ಹೊಣೆಯಾಗಬೇಕಾಗಿಲ್ಲ. ಹಳೆಯ ಯಂತ್ರಗಳಿಗೆ ಮರುಜೀವ ಕೊಟ್ಟು, ಕಸದ ರಾಶಿಯನ್ನು ತಗ್ಗಿಸಿ, ಬಡವರ ಮಕ್ಕಳ ಕೈಗೆಟುಕುವಂತೆ ಮಾಡುವ ಅಂಥವರ ಉದ್ಯೋಗ ನಿಜಕ್ಕೂ ಮೆಚ್ಚತಕ್ಕದ್ದು.

ಬರೆದುಕೊಡಲು ಒಲ್ಲೆನೆಂದವನ ಅಂಗಡಿಯಿಂದ ಬರಿಗೈಯಲ್ಲಿ ಹೊರಗೆ ಬಂದರೆ ನಷ್ಟವೇನೂ ಇಲ್ಲ. ಬಾಯಿ ಬಿಡಿಸಲು ಬಿಡದವನ ಎತ್ತನ್ನು ಯಾವ ರೈತನೂ ಕೊಂಡದ್ದಿಲ್ಲ.